ಅಂಚಿಲ್ಲದ ತತಾಮಿ, ಅಂಚಿರುವ ತತಾಮಿ: 7 ವರ್ಷ ಬಳಸಿದ ಮೇಲೆ

ತತಾಮಿ ಎಂದರೆ ಜಪಾನಿ ಮನೆಗಳ ನೆಲಕ್ಕೆ ಹಾಸುವ ದಪ್ಪ ಚಾಪೆ. ಸ್ಥಳ: ಜಪಾನಿನ ಯೊಕೊಹಾಮಾದ ಅಪಾರ್ಟ್‌ಮೆಂಟ್. ಹಾಲ್‌ನ ಮರದ ನೆಲದ ಮೇಲೆ ಬಟ್ಟೆಯಂಚಿಲ್ಲದ ಅರ್ಧ ತತಾಮಿ 6, ಒಂದೊಂದೂ 820 ಮಿ.ಮೀ. ಚೌಕ, 15 ಮಿ.ಮೀ. ದಪ್ಪ. ಮಲಗುವ ಕೋಣೆಯಲ್ಲಿ ಅಂಚಿರುವ ನಾಲ್ಕೂವರೆ ತತಾಮಿ, 55 ಮಿ.ಮೀ. ದಪ್ಪ. ಎರಡನ್ನೂ ಮಾಡಿಕೊಟ್ಟವರು ಒಬ್ಬರೇ ಕಸುಬುದಾರರು. ನೋಡಲು ಹಾಲ್‌ನದು ಚೆಂದ, ಬಾಳಿಕೆ ಬಂದದ್ದು ಕೋಣೆಯದು.

ತತಾಮಿಯ ಒಳಗಿನ ದಪ್ಪ ಹಲಗೆ ದೊಕೊ, ಮೇಲಿನ ಚಾಪೆ ಒಮೊತೆ, ಉದ್ದದ ಎರಡು ಬದಿಗೆ ಹೊಲಿಯುವ ಬಟ್ಟೆಪಟ್ಟಿ ಹೆರಿ. ಒಮೊತೆಯ ಹಾಸು ಹತ್ತಿಯ ಅಥವಾ ನಾರಿನ ದಾರ, ಹೊಕ್ಕು ಇಗುಸಾ ಎಂಬ ಜೊಂಡು. ಜಪಾನಿನಲ್ಲಿ ಬೆಳೆಯುವ ಇಗುಸಾದ ಬಹುಪಾಲು ಕುಮಾಮೊತೊ ಪ್ರಾಂತ್ಯದ್ದು. ಕೊಯ್ದ ಜೊಂಡನ್ನು ಜೇಡಿಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಹೊಸದರಲ್ಲಿ ಬಿಳಿ ಕಾಲುಚೀಲಕ್ಕೆ ಬೂದು ಪುಡಿ ಹತ್ತುವುದು ಅದರಿಂದ. ಒಣಬಟ್ಟೆಯಲ್ಲಿ, ನೇಯ್ಗೆಯ ಗೆರೆ ಹಿಡಿದು, ನಾಲ್ಕೈದು ಸಲ ಒರೆಸಿದರೆ ಹೋಗುತ್ತದೆ. ಒದ್ದೆಬಟ್ಟೆ ಬೇಡ, ಕಲೆ ಉಳಿಯುತ್ತದೆ.

ಬಾಳಿಕೆಯ ಗುಟ್ಟು ಹೆರಿಯಲ್ಲಿದೆ. ಕೋಣೆಯದಕ್ಕೆ 4ನೇ ವರ್ಷ ಪಟ್ಟಿ ಬಿಚ್ಚಿ, ಒಮೊತೆಯನ್ನು ಮಗುಚಿ ಹಾಕಿ, ಹೊಸ ಪಟ್ಟಿ ಹೊಲಿದರು. ಇದಕ್ಕೆ ಉರಗಾಯೆಶಿ ಎನ್ನುತ್ತಾರೆ. ಬೆಳಗ್ಗೆ ಒಯ್ದದ್ದು ಸಂಜೆಗೆ ವಾಪಸ್. ಬಿಸಿಲು ಕಾಣದ ಹಿಂಬದಿ ಇನ್ನೂ ಹಸಿರಾಗಿಯೇ ಇತ್ತು. ಅಂಚಿಲ್ಲದ್ದರಲ್ಲಿ ಜೊಂಡನ್ನೇ ಒದ್ದೆ ಮಾಡಿ ದೊಕೊದ ಅಂಚಿಗೆ 90 ಡಿಗ್ರಿ ಮಡಚುತ್ತಾರೆ. ಸಾಮಾನ್ಯ ನೇಯ್ಗೆ ಮಡಿಕೆಗೆ ತಡೆಯದು ಎಂದು ಮೆಸೆಕಿ ಎಂಬ ಒತ್ತು ನೇಯ್ಗೆ ಬಳಸುತ್ತಾರೆ. ಹೀಗೆ ಒಮ್ಮೆ ಮಡಿದ ಜೊಂಡನ್ನು ಎದುರು ದಿಕ್ಕಿಗೆ ಮಡಚಿದರೆ ಆ ಗೆರೆಯಲ್ಲೇ ತುಂಡಾಗುತ್ತದೆ, ಆದ್ದರಿಂದ ಮಗುಚುವ ಮಾತೇ ಇಲ್ಲ. ಆರ್ಡರ್ ಕೊಡುವಾಗ ಇದನ್ನು ಹೇಳಲಿಲ್ಲ ಎಂಬುದೊಂದೇ ತಕರಾರು. ಮಡಿಕೆಯ ಕೈಕೆಲಸ ಹೆಚ್ಚು ಅಂತ ಎರಡು ಅರ್ಧಕ್ಕೆ ಒಂದು ಪೂರ್ತಿ ತತಾಮಿಗಿಂತ ಜಾಸ್ತಿ ದುಡ್ಡು ಬೇರೆ. ಓಡಾಟದ ದಾರಿಯಲ್ಲಿದ್ದ ಮೂಲೆಗಳಲ್ಲಿ 5ನೇ ವರ್ಷಕ್ಕೆ ಜೊಂಡಿನ ತುದಿಗಳು ಸವೆದ ಪೊರಕೆಯ ಹಾಗೆ ಎದ್ದು ನಿಂತವು.

ಆರೂ ಒಂದೇ ಬಣ್ಣದವು. ಒಂದರ ನೇಯ್ಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ ಇಟ್ಟಿರುವುದರಿಂದ ಕಿಟಕಿಯ ಬೆಳಕಿಗೆ ತಿಳಿ-ಗಾಢ ಚೌಕಗಳು ಕಾಣುತ್ತವೆ. ರಾತ್ರಿ ಸೀಲಿಂಗ್ ದೀಪ ಹಾಕಿದರೆ ಅಷ್ಟೇನೂ ಕಾಣದು. ಕ್ಯಾಟಲಾಗ್ ಫೋಟೊಗಳೆಲ್ಲ ಹಗಲಿನವೇ!

ಅಳತೆಯ ಕೆಲಸಕ್ಕೆ ಪೂರ್ತಿ ಅಂಕ. ಕೋಣೆಯ ನಾಲ್ಕು ಗೋಡೆಗಳ ಜೊತೆ ಮೂಲೆಯಿಂದ ಮೂಲೆಗೂ ಅಳೆದರು. ಒಂದು ಕಡೆ 7 ಮಿ.ಮೀ. ಸೊಟ್ಟ ಇತ್ತು, ಅದಕ್ಕೆ ತಕ್ಕಂತೆ ಒಂದೊಂದನ್ನೂ ಬೇರೆಬೇರೆಯಾಗಿ ಕತ್ತರಿಸಿ ಹಿಂಬದಿಯಲ್ಲಿ ಜಾಗ ಬರೆದಿದ್ದಾರೆ. ಎತ್ತಿ ಗುಡಿಸಿದ ಮೇಲೆ ಅದಲುಬದಲಾದರೆ ಒಂದು ಕಡೆ ಸಂದು, ಇನ್ನೊಂದು ಕಡೆ ಬಿಗಿ.

ಬೂಷ್ಟು ಬಂದದ್ದು ಮೊದಲ ವರ್ಷದ ತ್ಸುಯು ಮಳೆಗಾಲದಲ್ಲಿ. ಹೊಸ ಇಗುಸಾ ತೇವವನ್ನು ಚೆನ್ನಾಗಿ ಹೀರುತ್ತದೆ, ಮೇಲೆ ಹಾಸಿಗೆ ಸುತ್ತಿಡದೆ ಬಿಟ್ಟರೆ ಆ ತೇವಕ್ಕೆ ದಾರಿಯಿಲ್ಲ. ಮೊದಲು ವ್ಯಾಕ್ಯೂಮ್ ಹಿಡಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹರಡುತ್ತದೆ. 70–80 ಶೇಕಡಾ ಆಲ್ಕೋಹಾಲ್ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಹಳೇ ಟೂತ್‌ಬ್ರಷ್‌ನಿಂದ ನೇಯ್ಗೆಯ ಗುಂಟ ಉಜ್ಜಿ ಒರೆಸಬೇಕು. ಆಮೇಲೆ ಕಿಟಕಿ ತೆರೆಯಿರಿ, ಹೊರಗೆ ಮಳೆಯಿದ್ದರೆ ಡಿಹ್ಯುಮಿಡಿಫೈಯರ್ ಓಡಿಸಿ. ಹಾಲ್‌ನ 15 ಮಿ.ಮೀ.ನವನ್ನು ತಿಂಗಳಿಗೊಮ್ಮೆ ಅರ್ಧ ದಿನ ಗೋಡೆಗೆ ಒರಗಿಸಿಡಬೇಕು, ಇಲ್ಲದಿದ್ದರೆ ಅಡಿಯ ಮರ ಬೆವರುತ್ತದೆ. ನೆಲದ ಹೀಟರ್ ಇರುವವರು ಅದಕ್ಕೆಂದೇ ಮಾಡಿದ ದೊಕೊ ಕೇಳಿ ತೆಗೆದುಕೊಳ್ಳಿ. ಇಲ್ಲಿ ಹೀಟರ್ ಮೇಲೆ ಬಿದ್ದ ಎರಡರ ಮೂಲೆ ಮೇಲಕ್ಕೆ ಬಾಗಿತು.

ಸೋಫಾ ಕಾಲಿನ ಗುಳಿಗೆ ಮಾತ್ರ ಸುಲಭದ ಮದ್ದಿದೆ. ಒದ್ದೆಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಒಂದೆರಡು ಸಲ ಆಡಿಸಿ, ಒಣಗಲು ಬಿಟ್ಟರೆ ಜೊಂಡು ಉಬ್ಬಿಕೊಳ್ಳುತ್ತದೆ.

ಹಾಲ್‌ಗೆ 5ನೇ ವರ್ಷ ಹಾಕಿಸಿದ್ದು ವಾಶಿ ಕಾಗದದ ಎಳೆ ಹೊಸೆದು ನೇಯ್ದ ಒಮೊತೆ. ಎರಡು ವರ್ಷದಲ್ಲಿ ಹಳದಿಯಾಗಿಲ್ಲ, ಚಹಾ ಚೆಲ್ಲಿದರೂ ಒರೆಸಿದರೆ ಸಾಕು. ಹುಲ್ಲಿನ ಪರಿಮಳ ಇಲ್ಲ, ಮಳೆಗಾಲದಲ್ಲಿ ಇಗುಸಾದಷ್ಟು ತೇವ ಎಳೆಯುವುದೂ ಇಲ್ಲ.

ಅಂಕ: ಕೋಣೆಗೆ 5ಕ್ಕೆ 4.5, ಹಾಲ್‌ಗೆ 3. ಮುಂದಿನ ವರ್ಷ ಕೋಣೆಯ ಒಮೊತೆ ಬದಲಿಸಬೇಕು, ಆಗ ನೇಯ್ಗೆಯ ಹಾಸಿನಲ್ಲಿ ಹತ್ತಿಯ ಬದಲು ನಾರಿನ ದಾರ ಇರುವುದನ್ನೇ ಕೇಳಬೇಕೆಂದಿದೆ. ದೊಕೊ ಇನ್ನೂ ಗಟ್ಟಿಯಾಗಿದೆ.