ಹಗ್ಗದ ವೀಡ್ ವೈಪರ್: ಐದು ಬೆಳೆ ಆದಮೇಲೆ

ನನ್ನ ಜೋಳದ ಹೊಲದ ತುಂಬಾ ಜಾನ್ಸನ್ ಹುಲ್ಲು ಹಬ್ಬಿಸಿದ್ದು ನಾನೇ. ಮೂಲೆಯಲ್ಲಿ ಒಂದು ಪೊದೆ ಇತ್ತು. ಉಳುವಾಗ ಅದರ ಬೇರುಗೆಡ್ಡೆ ತುಂಡಾಗಿ ಹೊಲದುದ್ದಕ್ಕೂ ಎಳೆದುಕೊಂಡು ಹೋಯ್ತು. ಗೆಣ್ಣಿರುವ ಒಂದೊಂದು ತುಂಡೂ ಒಂದೊಂದು ಗಿಡ. ಕಳೆ ತೆಗೆಯುತ್ತಿದ್ದೇನೆ ಅಂದುಕೊಂಡು ಸುಮ್ನೆ ಕಳೆ ನಾಟಿ ಮಾಡುತ್ತಿದ್ದೆ.

ಉಳುಮೆ ನಿಲ್ಲಿಸಿದೆ. ಆದರೆ ಆಗಲೇ ಇದ್ದ ಹುಲ್ಲು ಹೋಗಬೇಕಲ್ಲ? ಅದೋ ಜೋಳದ ದಾಯಾದಿ, ಒಂದೇ ಕುಲದ್ದು. ಜೋಳವನ್ನು ಬಿಟ್ಟು ಇದನ್ನು ಮಾತ್ರ ಕೊಲ್ಲುವ ಔಷಧಿ ಸಿಗುವುದು ಕಷ್ಟ. ಆದರೆ ದಾಯಾದಿಗೆ ಎತ್ತರ ಜಾಸ್ತಿ. ಗಿಡ್ಡ ತಳಿಯ ಜೋಳದ ನಡುವೆ ಇದು ಆಳೆತ್ತರಕ್ಕೆ ನಿಲ್ಲುತ್ತದೆ. ಎತ್ತರದ ಕಳೆಗೆ ಮಾತ್ರ ಔಷಧಿ ಸವರುವ ಈ ವೈಪರ್ ಕೊಂಡಿದ್ದು ಈ ಒಂದೇ ಕಾರಣಕ್ಕೆ.

ಸಾಧನ ಬಲು ಸರಳ. ಒಂದೂವರೆ ಮೀಟರ್ ಪ್ಲಾಸ್ಟಿಕ್ ಪೈಪು, ಒಳಗೆ ಗ್ಲೈಫೋಸೇಟ್ ಅನ್ನುವ ಕಳೆನಾಶಕ, ಮುಂದೆ ಸಾಲಾಗಿ ನೈಲಾನ್ ಹಗ್ಗ. ಹಗ್ಗ ದೀಪದ ಬತ್ತಿ ಥರ ಹೀರಿಕೊಂಡು ಒದ್ದೆಯಾಗಿರುತ್ತದೆ. ಜೋಳಕ್ಕಿಂತ ಒಂದು ಗೇಣು ಮೇಲೆ ಹಿಡಿದು ನಿಧಾನವಾಗಿ ನಡೆಯಬೇಕು. ತಲೆ ಎತ್ತಿದ ಹುಲ್ಲಿಗೆ ಔಷಧಿ ಸವರಿಕೊಳ್ಳುತ್ತದೆ, ಕೆಳಗಿನ ಜೋಳಕ್ಕೆ ತಾಗಲ್ಲ. ಗಾಳಿಗೆ ಹಾರುವ ಹನಿಯ ಭಯವೂ ಇಲ್ಲ. ಹೋದ ದಾರಿಯಲ್ಲೇ ತಿರುಗಿ ಬಂದು ಇನ್ನೊಂದು ಕಡೆಯಿಂದಲೂ ಸವರಬೇಕು. ಇಲ್ಲದಿದ್ದರೆ ಅರ್ಧ ಗಿಡ ಉಳಿಯುತ್ತದೆ.

ಮೊದಲ ವರ್ಷ ಆತುರಪಟ್ಟೆ. ಹುಲ್ಲು ಜೋಳದಿಂದ ಇಣುಕಿದ ಕೂಡಲೇ ಸವರಿದೆ. ಹತ್ತು ದಿನದಲ್ಲಿ ಎಲೆಯೆಲ್ಲ ಹಳದಿ, ನನಗೋ ಖುಷಿಯೋ ಖುಷಿ. ತಿಂಗಳಿಗೆ ಬುಡದಿಂದ ಮತ್ತೆ ಚಿಗುರು! ಎಳೆ ಗಿಡ ಬೇರಿನಲ್ಲಿ ಕೂಡಿಟ್ಟಿದ್ದನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ತೆನೆ ಬರುವ ಹೊತ್ತಿಗೆ ಎಲೆ ಮಾಡಿದ ಸಕ್ಕರೆ ಕೆಳಗೆ ಇಳಿಯುತ್ತದೆ, ಗ್ಲೈಫೋಸೇಟ್ ಅದರ ಜೊತೆಗೇ ಬೇರುಗೆಡ್ಡೆ ಸೇರುತ್ತದೆ. ಈಗ ಹೊಡೆ ಕಾಣುವ ತನಕ ಕಾಯುತ್ತೇನೆ. ಬೀಜ ಬಲಿಯಲು ಮಾತ್ರ ಬಿಡುವುದಿಲ್ಲ.

ಇನ್ನು ಸೋರಿಕೆ. ಎರಡನೇ ವರ್ಷ ಫೋನ್ ಬಂತು ಅಂತ ಸಾಲಿನ ಮಧ್ಯೆಯೇ ನಿಂತೆ, ವೈಪರ್ ಜೋಳದ ಮೇಲೇ ಇತ್ತು. ಹಗ್ಗ ಪೈಪಿನೊಳಗೆ ಹೋಗುವ ಜಾಗದಲ್ಲಿ ರಬ್ಬರ್ ಸಡಿಲವಾಗಿತ್ತು, ನಾನು ನೋಡಿರಲಿಲ್ಲ. ಎರಡು ವಾರಕ್ಕೆ ಸರಿಯಾಗಿ ಅಲ್ಲಿ ತಟ್ಟೆಯಷ್ಟಗಲ ಜೋಳ ಒಣಗಿತ್ತು. ಎರಡು ನಿಮಿಷದ ಮಾತಿಗೆ ಅಷ್ಟು! ಆಮೇಲಿಂದ ನಿಲ್ಲಬೇಕಾದರೆ ಬದುವಿಗೆ ಬಂದೇ ನಿಲ್ಲುತ್ತೇನೆ.

ಉಲ್ಟಾ ತೊಂದರೆಯೂ ಇದೆ. ಮುಚ್ಚಳದಲ್ಲಿ ಗುಂಡುಪಿನ್ನಿನ ತಲೆಯಷ್ಟು ಒಂದು ತೂತು, ಗಾಳಿ ಒಳಗೆ ಹೋಗಲು. ಧೂಳು ಕೂತು ಅದು ಮುಚ್ಚಿಕೊಂಡರೆ ಹಗ್ಗ ಒಣಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅರ್ಧ ಹೊಲ ಒಣ ಹಗ್ಗ ಸವರಿಕೊಂಡು ನಡೆದವನು ನಾನು. ಈಗ ಔಷಧಿಗೆ ಸ್ವಲ್ಪ ಗುರುತಿನ ಬಣ್ಣ ಬೆರೆಸುತ್ತೇನೆ. ಎಲೆ ಮೇಲೆ ನೀಲಿ ಗೀರು ಕಂಡರೆ ಕೆಲಸ ಆಗುತ್ತಿದೆ ಅಂತ ಲೆಕ್ಕ.

ಹುಲ್ಲಿನ ರಸ, ಧೂಳು ಎಲ್ಲ ಸೇರಿ ಹಗ್ಗ ಗಟ್ಟಿಯಾಗುತ್ತದೆ. ಕೆಲಸ ಮುಗಿದ ದಿನವೇ ತೊಳೆಯಿರಿ. ನಾನು ಇಲ್ಲಿಯವರೆಗೆ ಎರಡು ಸಲ ಹಗ್ಗ ಬದಲಿಸಿದ್ದೇನೆ. ಇಬ್ಬನಿ ಆರದೆ ಹೊಲಕ್ಕೆ ಇಳಿಯಬೇಡಿ, ಔಷಧಿ ನೀರಾಗಿ ಜೋಳಕ್ಕೆ ಇಳಿಯುತ್ತದೆ. ಕೆಸರು ನೀರಲ್ಲಿ ಕಲಸಬೇಡಿ. ಮಣ್ಣಿಗೆ ಅಂಟಿದ ಗ್ಲೈಫೋಸೇಟ್ ಹುಲ್ಲಿಗೆ ಏನೂ ಮಾಡುವುದಿಲ್ಲ. ನನ್ನ ಡಬ್ಬದ ಲೇಬಲ್‌ನಲ್ಲಿ ವೈಪರ್‌ಗೆ 1 ಪಾಲು ಔಷಧಿಗೆ 2 ಪಾಲು ನೀರು ಅಂತಿದೆ. ಸಿಂಪಡಣೆಗಿಂತ ಎಷ್ಟೋ ಗಟ್ಟಿ, ಹಾಗಾಗಿ ಕೈಗವಸು ಬೇಕೇ ಬೇಕು. ನಿಮ್ಮ ಬೆಳೆಗೆ ವೈಪರ್‌ನಲ್ಲಿ ಬಳಸಲು ಅನುಮತಿ ಇದೆಯಾ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದನ್ನೂ ನಿಮ್ಮ ಲೇಬಲ್‌ನಲ್ಲೇ ನೋಡಿ.

ಗರಿಕೆ, ಜೇಕು ಇರುವವರು ಇದನ್ನು ಕೊಳ್ಳಬೇಡಿ. ನೆಲಕ್ಕೆ ಅಂಟಿಕೊಂಡಿರುವ ಕಳೆಗೆ ಹಗ್ಗ ಮುಟ್ಟುವುದೇ ಇಲ್ಲ, ಅಲ್ವಾ? ಗರಿಕೆಗೆ ನಾನು ಕೊಯ್ಲಾದ ಮೇಲೆ ಚೆನ್ನಾಗಿ ಚಿಗುರಲು ಬಿಟ್ಟು ಸಿಂಪಡಿಸುತ್ತೇನೆ. ಜೇಕು ಬೇರೆಯೇ ಕಥೆ. ಒಂದು ಗೆಡ್ಡೆ ಸತ್ತರೆ ಅದೇ ಸರದಲ್ಲಿ ನಿದ್ದೆ ಮಾಡುತ್ತಿದ್ದ ಇನ್ನೊಂದು ಏಳುತ್ತದೆ. ಅದರ ಜೊತೆ ಇನ್ನೂ ಗುದ್ದಾಡುತ್ತಿದ್ದೇನೆ.

ಒಂದು ಚಿಂತೆ ಇದೆ. ಅರ್ಜೆಂಟೀನಾದಲ್ಲಿ ಗ್ಲೈಫೋಸೇಟ್‌ಗೆ ಜಗ್ಗದ ಜಾನ್ಸನ್ ಹುಲ್ಲು ಆಗಲೇ ಹುಟ್ಟಿಕೊಂಡಿದೆ. ವರ್ಷವೂ ಒಂದೇ ಔಷಧಿ ಸವರಿದರೆ ನನ್ನಲ್ಲೂ ಅದೇ ಆಗಬಹುದು. ಅದಕ್ಕೇ ಒಂದು ವರ್ಷ ಜೋಳ ಬಿಟ್ಟು ದ್ವಿದಳ ಬೆಳೆ ಹಾಕಿದೆ. ಹುಲ್ಲಿಗೆ ಮಾತ್ರ ತಾಗುವ ಬೇರೆ ಔಷಧಿ ಅಲ್ಲಿ ಬಳಸಬಹುದು.

5ಕ್ಕೆ 4 ಕೊಡುತ್ತೇನೆ. ಒಂದು ಕಳೆದಿದ್ದು ಆ ರಬ್ಬರಿಗೆ. ಈ ಸಲ ಹಳೇ ಮೂಲೆಯಲ್ಲಿ ಎಣಿಸಿದೆ, ಹನ್ನೊಂದು ಬುಡ. ಮೊದಲ ವರ್ಷ ಎಣಿಸುವ ಹಾಗೇ ಇರಲಿಲ್ಲ.