ಮೂರು ವರ್ಷ, ಎರಡು ಶೇಡ್: ನನ್ನ ಎಣ್ಣೆಗಪ್ಪು ಬಣ್ಣಕ್ಕೆ ಹೊಂದಿದ ಫೌಂಡೇಶನ್

ನನ್ನದು ಎಣ್ಣೆಗಪ್ಪು ಬಣ್ಣ. ಮನೆ ಮಡಿಕೇರಿ ಹತ್ತಿರದ ಮೇಕೇರಿ, ಕೆಲಸ ಶಾಲೆಯಲ್ಲಿ ಪಾಠ ಮಾಡುವುದು. ಮನೆ ಹಿಂದೆ ಎರಡು ಎಕರೆ ಕಾಫಿ ಇದೆ. ಮೇಬೆಲಿನ್‌ನ ಫಿಟ್ ಮಿ ಮ್ಯಾಟ್ ಪ್ಲಸ್ ಪೋರ್‌ಲೆಸ್ ಫೌಂಡೇಶನ್ ಹಚ್ಚಲು ಶುರು ಮಾಡಿ ಮೂರು ವರ್ಷ ದಾಟಿತು. ಫೌಂಡೇಶನ್ ಅಂದರೆ ಮುಖದ ಬಣ್ಣ ಒಂದೇ ಸಮ ಕಾಣಲು ಹಚ್ಚುವ, ಚರ್ಮದ ಬಣ್ಣದ್ದೇ ಮೇಕಪ್. ಈಗ ಐದನೇ ಬಾಟಲಿ. 330 ಮತ್ತು ಅದಕ್ಕಿಂತ ತುಸು ತಿಳಿಯಾದ 310, ಈ ಎರಡು ಶೇಡ್ (ಬಣ್ಣದ ಛಾಯೆ) ನನ್ನವು. ಅವು ನನ್ನವು ಅಂತ ಗೊತ್ತಾಗಿದ್ದು ಹೇಗೆ ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ. ಫೌಂಡೇಶನ್ ಎಷ್ಟೇ ಚೆನ್ನಾಗಿರಲಿ, ಬಣ್ಣ ತಪ್ಪಿದರೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ಕೊಡಗಿನವರು ಅಂದರೆ ಬೆಳ್ಳಗೆ ಇರಬೇಕು ಅಂತ ಹೊರಗಿನವರು ಎಷ್ಟೋ ಜನ ಅಂದುಕೊಂಡಿದ್ದಾರೆ. "ಕೊಡಗಾ? ಹಾಗೆ ಕಾಣಲ್ವಲ್ಲ" ಅಂತ ಕಾಲೇಜಿನಲ್ಲಿ ಎಷ್ಟು ಸಲ ಕೇಳಿಸಿಕೊಂಡೆನೋ. ಇಲ್ಲಿ ಎಲ್ಲಾ ಬಣ್ಣದವರೂ ಇದ್ದೇವೆ. ಆದರೂ ಆ ಮಾತು ಒಳಗೆ ಇಳಿದುಬಿಡುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ ನಿಂತರೆ ಕೈ ತಿಳಿ ಬಣ್ಣದ ಕಡೆಗೇ ಹೋಗುತ್ತದೆ. 2020ರಲ್ಲಿ ಫೇರ್ ಆ್ಯಂಡ್ ಲವ್ಲಿ ಹೋಗಿ ಗ್ಲೋ ಆ್ಯಂಡ್ ಲವ್ಲಿ ಆಯಿತು. "ಇದು ಹಚ್ಚಿ ಅಕ್ಕಾ, ಬೆಳ್ಳಗೆ ಕಾಣ್ತೀರಿ" ಅನ್ನುವ ಮಾತು ಮಾತ್ರ ಅಂಗಡಿಗಳಲ್ಲಿ ಇನ್ನೂ ಕೇಳುತ್ತದೆ.

ನನ್ನ ಕಣ್ಣು ತೆರೆಸಿದ್ದು ತಂಗಿಯ ಮದುವೆ. ವಿರಾಜಪೇಟೆಯಲ್ಲಿ ನಡೆಯಿತು. ಪಾರ್ಲರಿನವರು ನನಗೂ ಮೇಕಪ್ ಮಾಡಿದರು, ನನ್ನ ಬಣ್ಣಕ್ಕಿಂತ ಎರಡು ಶೇಡ್ ತಿಳಿ ಬಣ್ಣದ್ದು. ಅಲ್ಲಿನ ಬಲ್ಬುಗಳ ಬೆಳಕಿನಲ್ಲಿ ಚೆನ್ನಾಗೇ ಕಂಡಿತ್ತು. ಆಲ್ಬಂ ಬಂದಾಗ ನೋಡಿದರೆ ಮುಖಕ್ಕೆ ಬೂದಿ ಬಳಿದ ಹಾಗಿತ್ತು. ಕುತ್ತಿಗೆ ಬೇರೆ ಬಣ್ಣ, ಕೈ ಬೇರೆ ಬಣ್ಣ. ಅಮ್ಮ ಆ ಫೋಟೋ ಮೇಲೆ ಬೆರಳಿಟ್ಟು, "ಇದ್ರಲ್ಲಿ ನೀನೇ ಇಲ್ವಲ್ಲ ಮಗಾ" ಅಂದರು. ಇವತ್ತಿಗೂ ಆ ಪುಟ ಬಂದರೆ ನನಗೆ ಬೇಜಾರಾಗುತ್ತದೆ.

ಆ ಬೂದಿ ಬಣ್ಣ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಫೌಂಡೇಶನ್‌ಗೆ ಬಣ್ಣ ಕೊಡುವುದು ಮುಖ್ಯವಾಗಿ ನಾಲ್ಕು ಪುಡಿಗಳು. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹಳದಿ, ಕೆಂಪು, ಕಪ್ಪಿಗೆ ಐರನ್ ಆಕ್ಸೈಡ್, ಅಂದರೆ ಕಬ್ಬಿಣದ ತುಕ್ಕಿನ ಜಾತಿಯವು. ನಮ್ಮ ತೋಟದ ಕೆಮ್ಮಣ್ಣಿನ ಕೆಂಪೂ ಅದೇ ಕಬ್ಬಿಣದ್ದು. ತಿಳಿ ಶೇಡ್‌ನಲ್ಲಿ ಬಿಳಿ ಪುಡಿ ಜಾಸ್ತಿ. ಅದು ಕಪ್ಪು ಚರ್ಮದ ಮೇಲೆ ತೆಳ್ಳಗೆ ಕುಳಿತರೆ ಬೂದಿಯ ಹಾಗೇ ಕಾಣುತ್ತದೆ. ಎಷ್ಟು ತಿಕ್ಕಿದರೂ ಹೋಗಲ್ಲ.

ಶೇಡ್ ಹುಡುಕಲು ಮೈಸೂರಿಗೆ ಹೋದೆ. ನಾನು ಹೋಗುವ ಇಲ್ಲಿನ ಅಂಗಡಿಗಳಲ್ಲಿ ಹಚ್ಚಿ ನೋಡಲು ಟೆಸ್ಟರ್ ಇರಲಿಲ್ಲ. ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ 220, 310, 330 ಮೂರನ್ನೂ ದವಡೆಯಿಂದ ಕುತ್ತಿಗೆಗೆ ಗೆರೆ ಎಳೆದುಕೊಂಡೆ. ಅಂಗೈ ಹಿಂದೆ ಹಚ್ಚಿ ನೋಡಿದರೆ ಉಪಯೋಗವಿಲ್ಲ. ಕೈ ಬಣ್ಣ ಬೇರೆ, ಮುಖದ ಬಣ್ಣ ಬೇರೆ ಅಲ್ವಾ. ಅಂಗಡಿ ಹುಡುಗಿ 220 ತಗೊಳ್ಳಿ ಅಂತ ಒತ್ತಾಯ ಮಾಡಿದಳು. ಟ್ಯೂಬ್‌ಲೈಟಿನಲ್ಲಿ ಮೂರೂ ಒಂದೇ ಥರ ಕಾಣುತ್ತಿದ್ದವು. ಆಮೇಲೆ ಹೇಳ್ತೀನಿ ಅಂತ ಗೆರೆ ಒರೆಸದೆ ಮಡಿಕೇರಿ ಬಸ್ ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಆ ಬಸ್ಸಿನಲ್ಲಿ ಕಲಿತದ್ದು ಬೇರೆ ಎಲ್ಲೂ ಕಲಿತಿಲ್ಲ. ಹುಣಸೂರು ಬರುವಷ್ಟರಲ್ಲಿ 220 ಸುಣ್ಣದ ಗೆರೆಯ ಹಾಗೆ ಎದ್ದು ಕಾಣುತ್ತಿತ್ತು. ಉಳಿದೆರಡು ಹಚ್ಚಿದಾಗ ಇದ್ದದ್ದಕ್ಕಿಂತ ಒಂದು ಚೂರು ಗಾಢವಾಗಿದ್ದವು. ಗಾಳಿ ಮತ್ತು ಚರ್ಮದ ಎಣ್ಣೆ ತಾಗಿ ಫೌಂಡೇಶನ್ ಹೀಗೆ ಸ್ವಲ್ಪ ಕಪ್ಪಾಗುವುದುಂಟು. ಅದಕ್ಕೇ ಹಚ್ಚಿ 15–20 ನಿಮಿಷವಾದರೂ ಕಾಯಬೇಕು. ಕುಶಾಲನಗರ ದಾಟಿದ ಮೇಲೆ ಮೋಡದ ಬೆಳಕು. ಮೆತ್ತಗಿನ ಬೆಳಕು, ನೆರಳು ಬೀಳಲ್ಲ, ಬಣ್ಣ ಇದ್ದ ಹಾಗೇ ತೋರಿಸುತ್ತದೆ. ಸುಂಟಿಕೊಪ್ಪದಲ್ಲಿ ಬಸ್ ನಿಂತಾಗ ಚಿಕ್ಕ ಕನ್ನಡಿ ತೆಗೆದು ನೋಡಿದೆ. 330ರ ಗೆರೆ ಹುಡುಕಿದರೂ ಸಿಗಲಿಲ್ಲ. ಚರ್ಮದಲ್ಲಿ ಕರಗಿಹೋಗಿತ್ತು. ಮನೆಗೆ ಬಂದು ಅದನ್ನೇ ಆನ್‌ಲೈನ್‌ನಲ್ಲಿ ತರಿಸಿದೆ.

ಅಂಡರ್‌ಟೋನ್ ಬಗ್ಗೆಯೂ ಹೇಳಬೇಕು. ಬಣ್ಣ ಕಪ್ಪೋ ಬಿಳುಪೋ ಅನ್ನುವುದು ಒಂದು, ಅದರ ಒಳಗೆ ಹಳದಿ ಇದೆಯೋ ನಸುಗೆಂಪು ಇದೆಯೋ ಅನ್ನುವುದು ಇನ್ನೊಂದು. ಮೊದಲನೆಯದು ಬಿಸಿಲಿಗೆ ಬದಲಾಗುತ್ತದೆ, ಎರಡನೆಯದು ಅಷ್ಟಾಗಿ ಬದಲಾಗಲ್ಲ. ಮಣಿಕಟ್ಟಿನ ನರ ಹಸಿರಾಗಿದ್ದರೆ ವಾರ್ಮ್ (ಹಳದಿ ಕಡೆಯದು), ನೀಲಿಯಾಗಿದ್ದರೆ ಕೂಲ್ (ನಸುಗೆಂಪು ಕಡೆಯದು) ಅಂತಾರೆ. ನನ್ನಂಥ ಬಣ್ಣದವರಿಗೆ ನರ ಸರಿಯಾಗಿ ಕಾಣುವುದೇ ಇಲ್ಲ, ಆ ಪರೀಕ್ಷೆ ನಂಬಬೇಡಿ. ನಾನು ಒಗೆದ ಬಿಳಿ ಪಂಚೆಯನ್ನು ಗಲ್ಲದ ಕೆಳಗೆ ಹಿಡಿದು ಜಗುಲಿಯಲ್ಲಿ ಕನ್ನಡಿ ನೋಡಿದೆ. ಮುಖದಲ್ಲಿ ಅರಿಶಿನದ ಛಾಯೆ ಕಂಡಿತು. ಹಾಗಾಗಿ ನನ್ನದು ವಾರ್ಮ್.

ಎರಡನೇ ಶೇಡ್ ಯಾಕೆ ಬೇಕಾಯಿತು ಅಂದರೆ ಕಾಫಿಯಿಂದ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಜೆ ಸಿಕ್ಕಾಗೆಲ್ಲ ನಾನೂ ಕುಯ್ಲಿಗೆ ಇಳಿಯುತ್ತೇನೆ, ಕಣದಲ್ಲಿ ಕಾಫಿ ಹರಡುತ್ತೇನೆ. ಚಳಿ ಇರುವುದರಿಂದ ಬಿಸಿಲು ಗೊತ್ತೇ ಆಗಲ್ಲ. ಆದರೆ 1,000 ಮೀಟರ್ ಮೇಲೆ ಹೋದರೆ ಬಿಸಿಲಿನಲ್ಲಿರುವ, ಚರ್ಮ ಕಂದಿಸುವ ಯುವಿ ಕಿರಣ ಸುಮಾರು 10 ಶೇಕಡಾ ಜಾಸ್ತಿ. ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಫೆಬ್ರವರಿ ಹೊತ್ತಿಗೆ ನನ್ನ ಮುಖ ಚೆನ್ನಾಗಿ ಕಂದಿರುತ್ತದೆ. ಆಗ 330 ಸರಿಯಾಗಿ ಹೊಂದುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ಒಂದು ತಿಂಗಳಾದರೆ ಅದೇ 330 ಮುಖದ ಮೇಲೆ ಗಾಢವಾಗಿ ಕಾಣಲು ಶುರು. ಮಳೆಗಾಲಕ್ಕೆ 310. ನಡುವಿನ ತಿಂಗಳುಗಳಲ್ಲಿ ಎರಡನ್ನೂ ಒಂದೊಂದು ಹನಿ ಅಂಗೈಯಲ್ಲಿ ಬೆರೆಸುತ್ತೇನೆ.

ಬಾಳಿಕೆ ವಿಷಯ. ಬೆಳಿಗ್ಗೆ ಎಂಟಕ್ಕೆ ಹಚ್ಚಿದರೆ ಸಂಜೆ ನಾಲ್ಕರವರೆಗೆ ಆರಾಮವಾಗಿ ಇರುತ್ತದೆ. ಇದು ಸಾಮಾನ್ಯ ಮತ್ತು ಎಣ್ಣೆ ಚರ್ಮಕ್ಕೆ ಅಂತ ಕಂಪನಿಯವರೇ ಬರೆದಿದ್ದಾರೆ. ಚಳಿಗಾಲದಲ್ಲಿ ನನ್ನ ಚರ್ಮ ಒಡೆಯುತ್ತದೆ, ಆಗ ಮೊದಲು ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಡುತ್ತೇನೆ.

ಲಿಪ್‌ಸ್ಟಿಕ್‌ಗೂ ಇದೇ ಲೆಕ್ಕ. ನ್ಯೂಡ್, ಅಂದರೆ ತುಟಿಯ ಸಹಜ ಬಣ್ಣ, ಅಂತ ಮಾರುವ ತಿಳಿ ಗುಲಾಬಿ ನನ್ನ ತುಟಿಯನ್ನು ಜ್ವರ ಬಂದವರ ತುಟಿ ಮಾಡುತ್ತದೆ. ನನಗೆ ನ್ಯೂಡ್ ಅಂದರೆ ಹಾಲು ಕಮ್ಮಿ ಹಾಕಿದ ಕಾಫಿ ಬಣ್ಣ. ದಿನಕ್ಕೆ ಇಟ್ಟಿಗೆ ಬಣ್ಣ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ, ಮದುವೆಗೆ ಕೆಂಪು. ಕೆಂಪಿನಲ್ಲೂ ನೀಲಿ ಬೆರೆತದ್ದಕ್ಕಿಂತ ಚೂರು ಕಂದು ಬೆರೆತದ್ದು ನನಗೆ ಒಪ್ಪುತ್ತದೆ, ಗಿಡದಲ್ಲೇ ಪೂರ್ತಿ ಹಣ್ಣಾದ ಕಾಫಿಯ ಕೆಂಪು. ಕೆಂಪು ನಮ್ಮಂಥವರಿಗೆ ಅಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಮ್ಮೆ ಹಚ್ಚಿ ಬೆಳಕಿಗೆ ಬನ್ನಿ.

ಮಳೆಗಾಲದಲ್ಲಿ ಸ್ಪಂಜ್ ಬೇಡವೇ ಬೇಡ. ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ನಮ್ಮದು, ಸ್ಪಂಜ್ ಒಣಗುವುದೇ ಇಲ್ಲ. ನನ್ನದರ ಒಳಗೆ ಕಪ್ಪು ಚುಕ್ಕೆ ಕಂಡ ದಿನವೇ ಎಸೆದೆ. ಈಗ ಕೈ ತೊಳೆದು ಬೆರಳಲ್ಲೇ ಹಚ್ಚುತ್ತೇನೆ. ಬಾಟಲಿ ತೆರೆದ ತಿಂಗಳನ್ನು ಅಡಿಯಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ, ಒಂದು ವರ್ಷದ ಮೇಲೆ ಬಳಸುವುದಿಲ್ಲ.

ಈಗ ಆಗಸ್ಟ್. 310 ಅರ್ಧ ಉಳಿದಿದೆ. ನವೆಂಬರ್ ಕೊನೆಯಲ್ಲಿ, ಕುಯ್ಲು ಶುರುವಾಗುವ ಮೊದಲು, 330 ಮತ್ತೆ ತರಿಸಬೇಕು.