ಜಯಂತಿ ರೋಹು ಮರಿ: ಬೆಳವಣಿಗೆ ನಿಜ, 'ರೋಗ ಬರಲ್ಲ' ಅನ್ನೋದು ಸುಳ್ಳು

ಪಾಂಡವಪುರದ ಹತ್ತಿರ ನಮ್ಮ ಮೀನಿನ ಹೊಂಡ ಇದೆ, ನಾಲೆಯ ಬಸಿ ನೀರು ಬಂದು ತುಂಬುತ್ತದೆ. ಹೋದ ಮಳೆಗಾಲದಲ್ಲಿ ಮಾಮೂಲಿ ರೋಹು ಮೀನಿನ ಬದಲು, ಬೇಗ ಬೆಳೆಯಲಿ ಅಂತ ಆರಿಸಿ ಅಭಿವೃದ್ಧಿ ಮಾಡಿದ ಜಯಂತಿ ರೋಹು ತಳಿಯ ಬೆರಳುದ್ದದ ಮರಿ ತಂದು ಬಿಟ್ಟೆ. ಜೊತೆಗೆ ಕಾಟ್ಲಾ, ಸ್ವಲ್ಪ ಮೃಗಾಲ್. ಮೇವು ಎಂದಿನ ಹಾಗೆ ತೌಡು, ಕಡಲೆಕಾಯಿ ಹಿಂಡಿ. ಮರಿಯ ದರ ಸ್ವಲ್ಪ ಜಾಸ್ತಿ.

ಬೆಳವಣಿಗೆಯಲ್ಲಿ ದೂರೇ ಇಲ್ಲ. ಬಲೆ ಎಳೆದಾಗ ಹೆಚ್ಚುಕಡಿಮೆ ಒಂದೇ ಗಾತ್ರದ ಮೀನು. 'ಇದು ಸಣ್ಣದು, ಅದು ಪೀಚು' ಅಂತ ದರ ಇಳಿಸುವ ವ್ಯಾಪಾರಿಯ ಆಟ ನಡೆಯಲಿಲ್ಲ.

ಜಯಂತಿ ಬೇರೆ ಜೀನ್ ತುರುಕಿದ ಮೀನಲ್ಲ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ 1992ರಲ್ಲಿ ನಾರ್ವೆಯವರ ಜೊತೆ ಸೇರಿ ಶುರು ಮಾಡಿದ ತಳಿ. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರದ ರೋಹು ತಂದು, ಚೆನ್ನಾಗಿ ಬೆಳೆದ ಕುಟುಂಬಗಳನ್ನು ಆರಿಸಿ ಕೂಡಿಸುತ್ತಾ ಹೋದರು. ಪ್ರತಿ ಪೀಳಿಗೆಗೂ ಸರಾಸರಿ ಶೇ 17ರಷ್ಟು ಬೆಳವಣಿಗೆ ಹೆಚ್ಚಿತು. ನಾರ್ವೆಯವರು 1970ರ ದಶಕದಿಂದಲೇ ಸಾಲ್ಮನ್ ಮೀನಿನಲ್ಲಿ ಈ ಕೆಲಸ ಮಾಡಿ ಪಳಗಿದವರು.

ಮರಿ ಮಾರಿದವನು 'ರೋಗಾನೇ ಬರಲ್ಲ ಅಣ್ಣ' ಅಂದಿದ್ದ. ಬೇಸಿಗೆ ಶುರುವಾಗುತ್ತಿದ್ದ ಹಾಗೆ ಮೀನಿನ ಮೈಗೆ ಅಂಟಿ ರಕ್ತ ಹೀರುವ ಹೇನು ಹತ್ತಿತು, ಮೀನೆಲ್ಲ ಕಲ್ಲಿಗೆ ಮೈ ಉಜ್ಜತೊಡಗಿದವು. ತೂಕ ನೋಡಿ ಆರಿಸಿದ ತಳಿ ಹೇನನ್ನು ಯಾಕೆ ತಡೆಯಬೇಕು ಹೇಳಿ? ಸಾಲ್ಮನ್ ಕಥೆಯೇ ನೋಡಿ. ಮರಿಗಳನ್ನು ಕೊಲ್ಲುವ ಐಪಿಎನ್ ಅಂತ ಒಂದು ವೈರಸ್ ರೋಗ ಇದೆ. ಅದನ್ನು ತಾಳುವ ಶಕ್ತಿಯ ಬಹುಪಾಲು ಡಿಎನ್‌ಎಯ ಒಂದೇ ಜಾಗದಲ್ಲಿದೆ ಅಂತ 2008ರ ಸುಮಾರಿಗೆ ಗೊತ್ತಾಯಿತು. ಆಮೇಲೆ ಮೀನಿನ ರೆಕ್ಕೆಯ ಚೂರು ತೆಗೆದು ಡಿಎನ್‌ಎ ಪರೀಕ್ಷೆ ಮಾಡಿ ತಂದೆ ತಾಯಿ ಮೀನು ಆರಿಸಿದರು, ನಾರ್ವೆಯಲ್ಲಿ ಆ ರೋಗ ತುಂಬಾ ಇಳಿಯಿತು. ಸಾಲ್ಮನ್‌ಗೆ ಹತ್ತುವ ಸಮುದ್ರದ ಹೇನಿನ ವಿಷಯ ಹಾಗಲ್ಲ. ಅದನ್ನು ತಾಳುವ ಶಕ್ತಿಯಲ್ಲಿ ಎಷ್ಟೋ ಜೀನ್‌ಗಳದು ಚೂರು ಚೂರು ಪಾಲು, ಅದಕ್ಕೇ ಅಂಥ ತಳಿ ಆರಿಸುವ ಕೆಲಸ ನಿಧಾನ. ಅಷ್ಟು ದುಡ್ಡು ಸುರಿದ ಸಾಲ್ಮನ್‌ನೇ ಹೇನು ಬಿಟ್ಟಿಲ್ಲ, ನಮ್ಮ ಹೊಂಡದ ರೋಹುವನ್ನು ಬಿಡುತ್ತದಾ!

ನನಗೆ ಹೇನಿಗಿಂತ ಸಿಟ್ಟು ಬಂದದ್ದು ಬಿಲ್ಲು ನೋಡಿ. ತಾಯಿ ಮೀನು ಎಲ್ಲಿಂದ ಬಂತು, ಎಷ್ಟನೇ ಪೀಳಿಗೆ, ಏನೂ ಬರೆದಿಲ್ಲ. ಕೇಳಿದರೆ 'ಒರಿಜಿನಲ್ಲೇ' ಅಂದ, ಅಷ್ಟೇ. ಒಂದೇ ತೊಟ್ಟಿಯ ಅಣ್ಣ ತಂಗಿಯರನ್ನೇ ಕೂಡಿಸುತ್ತಾ ಹೋದರೆ ಮರಿ ಸೊರಗುತ್ತವೆ, ಹೆಸರು ಜಯಂತಿ ಆದರೇನು? ಹಳ್ಳಿಕಾರ್ ಹೋರಿ ಕೊಳ್ಳುವಾಗ ಅದರ ಮೂಲ ಎಲ್ಲಾ ವಿಚಾರಿಸುವ ಜನ ನಾವು, ಮರಿ ಕೊಳ್ಳುವಾಗ ಮಾತ್ರ ಪ್ಯಾಕೆಟ್ ಎಣಿಸಿಕೊಂಡು ಬರುತ್ತೇವೆ.

ಈ ಸಲವೂ ಜಯಂತಿಯನ್ನೇ ಬಿಡುತ್ತೇನೆ. ಆದರೆ ತಾಯಿ ಮೀನಿನ ಕಾಗದ ತೋರಿಸುವ ಕಡೆ ಮಾತ್ರ, ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಕೇಳಿದರೂ ಕೊಡುತ್ತೇನೆ.